ಅಡುಗೆಮನೆ ಬೇರೆ, ಆನೆಲಾಯ ಬೇರೆ

2025ರ ಫೆಬ್ರವರಿ 19, ಬುಧವಾರ, ಬೆಳಗಿನ 5 ಗಂಟೆ 10 ನಿಮಿಷ. ಮೃಗಾಲಯದ ಹಿಂಬದಿಯ ಕಚೇರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಸ್ವೆಟರ್ ತೋಳನ್ನು ಮೊಣಕೈವರೆಗೆ ಮಡಚಿಕೊಂಡ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೂತಿದ್ದಾರೆ ಎನ್ನುವುದಕ್ಕಿಂತ ಕುರ್ಚಿಯ ಅಂಚಿಗೆ ಆತುಕೊಂಡಿದ್ದಾರೆ ಎಂದರೆ ಸರಿ. ಬಲಗಾಲು ಹೊಲಿಗೆ ಯಂತ್ರ ತುಳಿಯುವಂತೆ ಅಲುಗುತ್ತಲೇ ಇದೆ. ಹಿಂದೆ ನಿಂತ ಮೇಲ್ವಿಚಾರಕರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾರೆ.

ಹೆಂಗಸು ಕೊನೆಯ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ತಕ್ಷಣ ಉತ್ತರ ಬರುತ್ತದೆ: ‘ಸಾಧಿಸಲಾಗಿದೆ.’ ಹಿಡಿದ ಸಮಯ 0.4 ಸೆಕೆಂಡು.

“ಬಂತಲ್ಲಾ! ಹೊಸ ಕಂಪ್ಯೂಟರ್ ಅಂದ್ರೆ ಸುಮ್ನೇನಾ?” ಎಂದು ಮೇಲ್ವಿಚಾರಕರು ಮುದ್ರಣ ಯಂತ್ರದಿಂದ ಹಾಳೆ ಎಳೆದುಕೊಳ್ಳುತ್ತಾರೆ. “ವೈದ್ಯರು ಏಳೂವರೆಗೆ ಬರ್ತಾರೆ, ಎಂಟೂವರೆಗೆ ಹೊರಟುಬಿಡ್ತಾರೆ. ಅಷ್ಟರಲ್ಲಿ ನಮ್ಮ ಹುಲಿ ದೊರೆಸಾನಿ ಚಿಕಿತ್ಸೆ ಕೋಣೇಲಿ ಇರ್ಬೇಕು.”

“ಸ್ವಲ್ಪ ತಡೀರಿ ಸಾರ್. ಹುಚ್ಚು ಪ್ರಶ್ನೆ ಇನ್ನೂ ಕೇಳಿಲ್ಲ.”

“ನೀವು ಕೇಳ್ತಾ ಇರಿ, ನಾನು ನಡೀತಾ ಇರ್ತೀನಿ.”

ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲುಗುತ್ತಿದ್ದ ಕಾಲು ಗಕ್ಕನೆ ನಿಲ್ಲುತ್ತದೆ. ಪ್ರತಿದಿನ ಒಂಬತ್ತು ನಿಮಿಷ ನಲವತ್ತು ಸೆಕೆಂಡು ತಿನ್ನುವ ಲೆಕ್ಕ ಇವತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿದೆ. ಈ ಕಸುಬಿನಲ್ಲಿ ಬೇಗ ಬಂದ ಉತ್ತರಕ್ಕೆ ಖುಷಿಪಡುವವರು ಕಸುಬು ಗೊತ್ತಿಲ್ಲದವರು ಮಾತ್ರ.

ದಾಖಲೆಯಲ್ಲಿ ಇವರ ಹುದ್ದೆ ‘ನಕ್ಷೆ ಗುಮಾಸ್ತೆ’. ಮೃಗಾಲಯದಲ್ಲಿ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ‘ಬಾಗಿಲಕ್ಕ’. ವಯಸ್ಸು ನಲವತ್ತಮೂರು. ಕಳೆದ ವರ್ಷ ತೆಗೆದ ಸಿಬ್ಬಂದಿಯ ಗುಂಪು ಚಿತ್ರದಲ್ಲಿ ಜಿರಾಫೆ ನೋಡಿಕೊಳ್ಳುವವರ ಭುಜದ ಹಿಂದೆ ಒಂದು ಕಿವಿ, ಅರ್ಧ ಕನ್ನಡಕ ಕಾಣುತ್ತದೆ. ಅದು ಇವರೇ. “ಜಿರಾಫೆ ಹಿಂದೆ ನಿಂತಿದ್ರೆ ಇನ್ನೂ ಸ್ವಲ್ಪ ಕಾಣ್ತಿದ್ದೆ” ಎನ್ನುತ್ತಾರೆ.

ಅವರ ಕೆಲಸವನ್ನು ಹೇಳಲು ಎರಡು ವಾಕ್ಯ ಸಾಕು, ಮಾಡಲು ದಿನ ಸಾಲದು. ಮೃಗಾಲಯದ ಪ್ರಾಣಿ ಮನೆಗಳ ನಕ್ಷೆಯೊಂದಿದೆ. ಅದರಲ್ಲಿ ಪ್ರತಿ ಕೋಣೆಯೂ ಒಂದು ಚುಕ್ಕಿ, ಪ್ರತಿ ಬಾಗಿಲೂ ಎರಡು ಚುಕ್ಕಿ ಸೇರಿಸುವ ಗೆರೆ. ಗ್ರಾಫ್ ಎಂದು ಕರೆಯುವ ಈ ಚುಕ್ಕಿ ಗೆರೆಗಳ ಜಾಲವನ್ನು ಬಾಗಿಲಕ್ಕ ತರ್ಕದ ವಾಕ್ಯಗಳನ್ನಾಗಿ ಬದಲಾಯಿಸಿ, ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಉಣಿಸುತ್ತಾರೆ. ಆ ಪ್ರೋಗ್ರಾಂ ಅವತ್ತಿನ ಬಾಗಿಲು ತೆರೆಯುವ ಮುಚ್ಚುವ ಪಟ್ಟಿಯನ್ನು ಹಂತ ಹಂತವಾಗಿ ಪರೀಕ್ಷಿಸಿ, ಯಾವ ಹಂತದಲ್ಲೂ ಮನುಷ್ಯರಿಗೂ ಕ್ರೂರಮೃಗಕ್ಕೂ ನಡುವೆ ಎರಡು ಮುಚ್ಚಿದ ಬಾಗಿಲು ಇದ್ದೇ ಇರುತ್ತವೆ ಎಂದು ಸಾಧಿಸಿ ತೋರಿಸಬೇಕು. ಸಿಬ್ಬಂದಿ ಅದಕ್ಕಿಟ್ಟ ಹೆಸರು ‘ವಕೀಲ’.

“ನಕ್ಷೇಲಿ ಗೆರೆ ಇಲ್ಲ ಅಂದ್ರೆ ಅಲ್ಲಿ ಬಾಗಿಲಿಲ್ಲ ಅಂತ ನಮಗೆ ನಿಮಗೆ ಅರ್ಥ ಆಗುತ್ತೆ. ವಕೀಲನಿಗೆ ಹಾಗಲ್ಲ” ಎಂದು ಬಾಗಿಲಕ್ಕ ವಿವರಿಸುತ್ತಾರೆ. “ನೀವು ಹೇಳಿಲ್ಲ ಅಂದ್ರೆ ಇದ್ರೂ ಇರ್ಬಹುದು ಅಂತಾನೆ. ‘ಈ ನೂರ ಎಂಬತ್ತೇಳು ಬಾಗಿಲು ಬಿಟ್ರೆ ಬೇರೆ ಬಾಗಿಲೇ ಇಲ್ಲಪ್ಪಾ’ ಅಂತ ಬಾಯಿಬಿಟ್ಟು ಹೇಳ್ಬೇಕು. ಎರಡು ಕೋಣೆಗೆ ಎರಡು ಹೆಸರಿಟ್ರೆ, ಒಂದೇ ಕೋಣೆಗೆ ಎರಡು ಹೆಸರಿರ್ಬಹುದಲ್ವಾ ಅಂತಾನೆ. ಅದಕ್ಕೆ, ಈ ಕೋಣೆ ಆ ಕೋಣೆ ಅಲ್ಲ, ಈ ಕೋಣೆ ಆ ಕೋಣೆ ಅಲ್ಲ ಅಂತ ಒಂದೊಂದು ಜೋಡಿಗೂ ಒಂದೊಂದು ಸಾಲು ಬರೀಬೇಕು.”

ನೂರ ಹದಿನೆಂಟು ಕೋಣೆಗಳಿದ್ದಾಗ ಅಂಥ ಸಾಲುಗಳು 6,903. ಹೋದ ವಾರ ಹುಲಿಮನೆಗೆ ಹೊಸ ಚಿಕಿತ್ಸಾ ವಿಭಾಗ ಸೇರಿ ಆರು ಕೋಣೆ, ಎಂಟು ಬಾಗಿಲು ಹೆಚ್ಚಾದವು. ಸಾಲುಗಳು 7,626 ಆದವು. ಸಾಲು ಬರೆಯುವುದನ್ನು ಅವರೇ ಕಟ್ಟಿದ ಪುಟ್ಟ ಪ್ರೋಗ್ರಾಂ ಮಾಡುತ್ತದೆ. ಆದರೆ ಅದಕ್ಕೆ ಕೊಡುವ ಪ್ರತಿ ಗೆರೆಯನ್ನೂ ಅವರು ಮೊದಲು ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಬಾಗಿಲನ್ನು ಕೈಯಾರೆ ತಳ್ಳಿ, ಎಳೆದು, ಚಿಲಕ ಹಾಕಿ, ತೆಗೆದು, ಆಮೇಲೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಬೇಕು. ಇದು ಅವರಿಗೆ ಅವರೇ ಹಾಕಿಕೊಂಡ ಕಟ್ಟಳೆ.

ಓದಿದ್ದು ಗಣಿತ, ಹದಿಮೂರು ವರ್ಷ ದುಡಿದದ್ದು ಸಾರಿಗೆ ಕಚೇರಿಯಲ್ಲಿ, ಬಸ್ ಮಾರ್ಗಗಳ ನಕ್ಷೆ ಬರೆಯುತ್ತ. ಆ ಕಾಲದಲ್ಲಿ ಇಲ್ಲಿ ಒಂದು ಅವಘಡ ನಡೆದಿತ್ತು. ಕರಡಿಮನೆಯ ಹಿರಿಯ ಕೆಲಸಗಾರರೊಬ್ಬರು ಮೂರು ಬೆರಳು ಕಳೆದುಕೊಂಡರು. ಅವತ್ತು ಅಲ್ಲಿದ್ದ ನಾಲ್ಕು ಜನರಲ್ಲಿ ಪ್ರತಿಯೊಬ್ಬರೂ ಬಾಗಿಲನ್ನು ಇನ್ನೊಬ್ಬರು ಮುಚ್ಚಿದ್ದಾರೆ ಎಂದುಕೊಂಡಿದ್ದರು. ಆ ಮೇಲೆ ಪ್ರೋಗ್ರಾಂ ಬಂತು, ಅದಕ್ಕೆ ಉಣಿಸುವವರಿಲ್ಲದೆ ಒಂದು ವರ್ಷ ಡಬ್ಬಿಯಲ್ಲೇ ಕೂತಿತು. “ಅದಕ್ಕೆ ಚಿತ್ರ ಕಾಣಲ್ಲ, ವಾಕ್ಯ ಬೇಕು ಅಂತ ಯಾರಿಗೂ ಹೊಳೆದಿರ್ಲಿಲ್ಲ. ನಕ್ಷೆ ತಗೊಂಡು ಹೋಗಿ ಅದರ ಮುಂದೆ ಹಿಡಿದಿದ್ರಂತೆ!” ಎಂದು ನಗುತ್ತಾರೆ. ಎಂಟು ವರ್ಷದ ಹಿಂದೆ ವರ್ಗವಾಗಿ ಬಂದ ಅವರು ಆರು ತಿಂಗಳ ಸಂಜೆ ತರಗತಿಯಲ್ಲಿ ತರ್ಕಶಾಸ್ತ್ರ ಕಲಿತು ಅದರ ಬಾಯಿ ತೆರೆಸಿದರು. ಈಗ ದಿನಕ್ಕೆ ಇಪ್ಪತ್ತಮೂರು ಪಟ್ಟಿಗಳು ಅವರ ಮೇಜಿನಿಂದ ಹೋಗುತ್ತವೆ.

ಹುಲಿಮನೆಯ ಪಟ್ಟಿ ಮಾತ್ರ ಅವರಿಗೆ ಬೇರೆ. ಅಲ್ಲಿ ಬಾಗಿಲು ಸರಿಸುವ ಸನ್ನೆಕೋಲು ಎಳೆಯುವುದು ಅವರ ಒಡಹುಟ್ಟಿದ ತಂಗಿ.

ತಂಗಿಗೆ ಮೂವತ್ತಾರು. ಗಟ್ಟಿ ಮೈಕಟ್ಟು, ಗಟ್ಟಿ ಗಂಟಲು, ಯಾವುದಕ್ಕೂ ಜಗ್ಗದ ಜೀವ. ಇಬ್ಬರೂ ಎಪ್ಪತ್ತೊಂದರ ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾರೆ. ಮನೆಯಲ್ಲೂ ಬಾಗಿಲಕ್ಕ ಬಚ್ಚಲ ಬಾಗಿಲನ್ನು ಮೂರು ಸಲ ಎಳೆದು ನೋಡುವುದುಂಟು. “ಇದು ಮನೆ ಕಣೇ” ಎಂದು ತಾಯಿ ರೇಗುತ್ತಾರಂತೆ, “ಇಲ್ಲಿರೋ ಹುಲಿ ಒಂದೇ, ಅದು ನಾನು.” ಆದರೆ ಅದೇ ತಾಯಿ ಇಬ್ಬರು ಹೆಣ್ಣುಮಕ್ಕಳೂ ಹೊಸ್ತಿಲು ದಾಟಿ ಒಳಗೆ ಬರುವವರೆಗೆ ತಟ್ಟೆ ಮುಟ್ಟುವುದಿಲ್ಲ.

ಹುಚ್ಚು ಪ್ರಶ್ನೆಯ ಕತೆ ಹೀಗಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ವಕೀಲ ಒಮ್ಮೆ ಹೀಗೇ ಅವಸರದಲ್ಲಿ ‘ಸಾಧಿಸಲಾಗಿದೆ’ ಎಂದಿದ್ದ. ಅನುಮಾನ ಬಂದು ಬಾಗಿಲಕ್ಕ ತಮಾಷೆಗೆಂಬಂತೆ ಇನ್ನೊಂದು ಪ್ರಶ್ನೆ ಹಾಕಿದರು: ಅಡುಗೆಮನೆಯೂ ಆನೆಲಾಯವೂ ಒಂದೇ ಕೋಣೆಯೇ? ಅದಕ್ಕೂ ‘ಸಾಧಿಸಲಾಗಿದೆ’ ಎಂದುಬಿಟ್ಟ! ಹುಡುಕಿದರೆ, ಕಿತ್ತುಹಾಕಿದ ಬಾಗಿಲೊಂದಕ್ಕೆ ಬೀಗ ಹಾಕಿದೆ ಎಂಬ ಹಳೆಯ ಸಾಲು, ಆ ಬಾಗಿಲೇ ಇಲ್ಲ ಎಂಬ ಹೊಸ ಸಾಲಿನ ಜೊತೆಗೇ ಉಳಿದುಕೊಂಡಿತ್ತು.

“ಒಂದಕ್ಕೊಂದು ಹೊಂದದ ಎರಡು ಮಾತನ್ನ ಅವನ ಕೈಗೆ ಕೊಟ್ರೆ ‘ಇದು ತಪ್ಪು’ ಅಂತ ಹೇಳಲ್ಲ. ಎರಡನ್ನೂ ಒಪ್ಕೊಳ್ತಾನೆ. ಅಲ್ಲಿಗೆ ಮುಗೀತು, ಆಮೇಲೆ ಏನು ಕೇಳಿದ್ರೂ ಹೂಂ ಅಂತಾನೆ, ಹೊಸ ಅಳಿಯನ ಹಾಗೆ” ಎನ್ನುತ್ತಾರೆ. ಅಂದಿನಿಂದ ಪ್ರತಿ ಪಟ್ಟಿಯ ಕೊನೆಗೂ ಅದೇ ಪ್ರಶ್ನೆ. ವಕೀಲ ‘ಸಾಧ್ಯವಿಲ್ಲ’ ಎಂದರೆ ಮಾತ್ರ ಆತನ ಹಿಂದಿನ ಮಾತಿಗೆ ಬೆಲೆ. ಆಗ ಬಾಗಿಲಕ್ಕ ಒಳಫೋನು ಎತ್ತಿ ತಂಗಿಗೆ ಹೇಳುವುದು ಒಂದೇ ವಾಕ್ಯ: “ಅಡುಗೆಮನೆ ಬೇರೆ, ಆನೆಲಾಯ ಬೇರೆ.” ಆ ವಾಕ್ಯ ಕೇಳುವವರೆಗೆ ತಂಗಿಯ ಕೈ ಸನ್ನೆಕೋಲಿಗೆ ಹೋಗುವುದಿಲ್ಲ. “ಕಾಗದ ಯಾರು ಬೇಕಾದ್ರೂ ತರ್ತಾರೆ” ಎನ್ನುತ್ತಾರೆ ತಂಗಿ. “ನಂಗೆ ಅಕ್ಕನ ದನಿ ಬರ್ಬೇಕು.”

ಈ ಬೆಳಗ್ಗೆ 5 ಗಂಟೆ 14 ನಿಮಿಷಕ್ಕೆ ಬಾಗಿಲಕ್ಕ ಹುಚ್ಚು ಪ್ರಶ್ನೆ ಕೇಳುತ್ತಾರೆ. ವಕೀಲ ಹೂಂ ಎನ್ನುತ್ತಾನೆ.

ಒಳಫೋನಿನ ಸುರುಳಿ ತಂತಿ ಮೇಜಿನ ಮೇಲಿನ ಲೋಟವನ್ನು ಉರುಳಿಸುತ್ತದೆ. ಅವರು ಅದನ್ನು ಗಮನಿಸುವುದಿಲ್ಲ.

“ಅಡುಗೆಮನೆ ಆನೆಲಾಯ ಎರಡೂ ಒಂದೇ ಅಂತಿದ್ದಾನೆ ಕಣೇ.”

“ಹಾಗಾದ್ರೆ ಇವತ್ತು ಆನೆ ಕೈಲೇ ಪಾತ್ರೆ ತೊಳೆಸ್ತೀನಿ ಬಿಡು.”

“ತಮಾಷೆ ಬೇಡ. ಸನ್ನೆಕೋಲು ಮುಟ್ಟಿದ್ಯಾ?”

“ಇಲ್ಲ. ಕೈ ಜೇಬಲ್ಲಿದೆ. ಸಾಹೇಬ್ರು ಕಾಗದ ಹಿಡ್ಕೊಂಡು ಎದುರಿಗೇ ನಿಂತಿದ್ದಾರೆ. ಮುಖ ಕೆಂಪಾಗಿದೆ.”

“ಆಗ್ಲಿ ಬಿಡು. ನಾನು ಹೇಳೋವರೆಗೂ ಕೈ ಜೇಬಲ್ಲೇ ಇರ್ಲಿ.”

ದೊರೆಸಾನಿ ಎಂಬುದು ಹದಿನಾಲ್ಕು ವರ್ಷದ ಹುಲಿಯ ಅಡ್ಡಹೆಸರು. ಮುಂಗಾಲಿನ ಉಗುರು ಒಳಕ್ಕೆ ಬೆಳೆದು ಕೀವಾಗಿದೆ, ಐದು ದಿನದಿಂದ ಕುಂಟುತ್ತಿದ್ದಾಳೆ. ಬೇರೆ ಊರಿನಿಂದ ಬರುವ ವೈದ್ಯರಿಗೆ ಇವತ್ತು ಬಿಟ್ಟರೆ ಇನ್ನೊಂದು ವಾರ ಬಿಡುವಿಲ್ಲ. ಇದು ಬಾಗಿಲಕ್ಕನಿಗೂ ಗೊತ್ತು. ಆದ್ದರಿಂದಲೇ ಅವರ ಬೆರಳು ಕೀಲಿಮಣೆಯ ಮೇಲೆ ತಪ್ಪುತಪ್ಪಾಗಿ ಬೀಳುತ್ತಿವೆ, ಅವರು ಅಳಿಸಿ ಮತ್ತೆ ಬರೆಯುತ್ತಿದ್ದಾರೆ, ಎದ್ದು ಕಿಟಕಿವರೆಗೆ ಹೋಗಿ ವಾಪಸ್ಸು ಬಂದು ಕೂರುತ್ತಿದ್ದಾರೆ.

ಹುಡುಕುವ ಕ್ರಮ ಸರಳ. ಮೊದಲು ಹಳೆಯ ನೂರ ಹದಿನೆಂಟು ಕೋಣೆಗಳ ವಾಕ್ಯಗಳನ್ನಷ್ಟೇ ಕೊಟ್ಟು ಹುಚ್ಚು ಪ್ರಶ್ನೆ ಕೇಳಿದರು: ‘ಸಾಧ್ಯವಿಲ್ಲ.’ ಹಳೆಯದು ಸರಿಯಿದೆ. ಹೊಸ ಆರು ಕೋಣೆ ಸೇರಿಸಿದರು: ‘ಸಾಧ್ಯವಿಲ್ಲ.’ ಆಮೇಲೆ ಹೊಸ ಬಾಗಿಲುಗಳನ್ನು ಒಂದೊಂದಾಗಿ ಸೇರಿಸುತ್ತ ಒಂದೊಂದು ಸಲವೂ ಕೇಳಿದರು. 188, ಸಾಧ್ಯವಿಲ್ಲ. 189, ಸಾಧ್ಯವಿಲ್ಲ. 190: ಅಡುಗೆಮನೆಯೂ ಆನೆಲಾಯವೂ ಒಂದೇ ಎಂದು ಸಾಧಿಸಲಾಗಿದೆ. ಆಗ ಗಂಟೆ 5:41.

ಅವರು ನೋಟ್‌ಬುಕ್ ತೆರೆದು ನೋಡುತ್ತಾರೆ. 190ರ ಎದುರು ಟಿಕ್ ಇಲ್ಲ. ಮಂಗಳವಾರ ಮಧ್ಯಾಹ್ನ ಅವರು ಹೋದಾಗ ಅದರ ಬಣ್ಣ ಹಸಿ ಇತ್ತು, ಮುಟ್ಟಬೇಡಿ ಎಂದು ಬಣ್ಣ ಬಳಿಯುವವರು ಹೇಳಿದ್ದರು. ಹೇಗೂ ನಕ್ಷೆಯಲ್ಲಿ ಇದೆಯಲ್ಲ ಎಂದು ಬಾಗಿಲಕ್ಕ ಕಾಗದ ನೋಡಿಯೇ ಅದನ್ನು ವಾಕ್ಯವಾಗಿ ಬದಲಾಯಿಸಿದ್ದರು. “ಎಂಟು ವರ್ಷದಲ್ಲಿ ಒಂದೇ ಒಂದು ಬಾಗಿಲು ಮುಟ್ಟದೆ ಬರೆದೆ” ಎನ್ನುವಾಗ ಅವರ ದನಿ ತಗ್ಗುತ್ತದೆ. “ಅದೂ ನನ್ನ ತಂಗಿ ನಿಲ್ಲೋ ಜಾಗದ್ದು.”

ಕಚೇರಿಯಿಂದ ಹುಲಿಮನೆಗೆ ಅವರ ಲೆಕ್ಕದಲ್ಲಿ ಮುನ್ನೂರ ನಲವತ್ತು ಹೆಜ್ಜೆ. ಇವತ್ತು ಎಷ್ಟಾಯಿತೋ ಎಣಿಸಲಿಲ್ಲ. ಹೊಸ ವಿಭಾಗದಲ್ಲಿ ಬಣ್ಣದ ವಾಸನೆ ಇನ್ನೂ ಮೂಗಿಗೆ ಅಡರುತ್ತದೆ. ಹುಲಿ ನಡೆದು ಬರುವ ಓಣಿಯ ಕೊನೆಯಲ್ಲಿ ಎರಡು ಬಾಯಿಗಳಿವೆ: ಎಡಕ್ಕೆ ಚಿಕಿತ್ಸೆ ಕೋಣೆ, ಬಲಕ್ಕೆ ತಂಗಿ ನಿಲ್ಲುವ ಸನ್ನೆಕೋಲಿನ ಕೋಣೆ. ಎರಡಕ್ಕೂ ನಡುವೆ ಒಂದೇ ಕೀಲಿನ ಮೇಲೆ ಒಂದೇ ಕಬ್ಬಿಣದ ರೆಕ್ಕೆ. ಬಲಕ್ಕೆ ತಿರುಗಿಸಿದರೆ ಬಲಬಾಯಿ ಮುಚ್ಚುತ್ತದೆ, ಎಡಬಾಯಿ ತೆರೆಯುತ್ತದೆ. ಎಡಕ್ಕೆ ತಿರುಗಿಸಿದರೆ ತಿರುವುಮುರುವು. ಜಾಗ ಉಳಿಸಲು ಮಾಡಿದ ಜಾಣತನ. ನಕ್ಷೆಯವರು ಅದನ್ನು ಸರಿಯಾಗಿಯೇ ಬರೆದಿದ್ದರು: ಎರಡು ಗೆರೆ, ಎರಡಕ್ಕೂ 190 ಎಂಬ ಒಂದೇ ಸಂಖ್ಯೆ. ಆದರೆ ‘ಒಂದು ಬಾಗಿಲು ಎರಡೇ ಕೋಣೆಗಳನ್ನು ಸೇರಿಸುತ್ತದೆ’ ಎಂಬುದು ವಕೀಲನಿಗೆ ಬಾಗಿಲಕ್ಕ ಮೊದಲ ದಿನವೇ ಕಲಿಸಿದ ಪಾಠ. ಈ ಬಾಗಿಲು ಮೂರನ್ನು ಸೇರಿಸಿತು. ಎರಡು ಮಾತು ಹೊಂದಲಿಲ್ಲ, ವಕೀಲ ಎಲ್ಲಕ್ಕೂ ತಲೆಯಾಡಿಸಿದ.

“ಅಷ್ಟೇ ತಾನೇ?” ಮೇಲ್ವಿಚಾರಕರಿಗೆ ಸಮಾಧಾನವಾಗುತ್ತದೆ. “ಒಂದು ಬಾಗಿಲಿಗೆ ಎರಡು ಗೆರೆ ಬಂತು. ಬರವಣಿಗೆ ತಪ್ಪು. ಬಾಗಿಲು ಗಟ್ಟಿಯಾಗಿದೆಯಲ್ಲಾ?”

“ಗಟ್ಟಿಯಾಗಿದೆ ಸಾರ್” ಎಂದು ಆ ಬಾಗಿಲು ಕೂರಿಸಿದ ಬೆಸುಗೆಯವರು ರೆಕ್ಕೆಯ ಬೆನ್ನು ತಟ್ಟುತ್ತಾರೆ. “ಎರಡು ಆನೆ ಬಂದ್ರೂ ಅಲುಗಲ್ಲ.”

ಬಾಗಿಲಕ್ಕ ಹತ್ತಿರ ಹೋಗುತ್ತಾರೆ. ಎರಡೂ ಕೈಯಲ್ಲಿ ರೆಕ್ಕೆಯನ್ನು ಹಿಡಿದು ನಿಧಾನವಾಗಿ ತಳ್ಳುತ್ತಾರೆ. ನಡುವೆ ನಿಲ್ಲಿಸುತ್ತಾರೆ. ಎಡಬಾಯಿಯೂ ತೆರೆದಿದೆ, ಬಲಬಾಯಿಯೂ ತೆರೆದಿದೆ. ಆ ಅರ್ಧ ದಾರಿಯಲ್ಲಿ ರೆಕ್ಕೆಯನ್ನು ಹಿಡಿದುಕೊಂಡೇ ಅವರು ತಂಗಿಯ ಪ್ಲಾಸ್ಟಿಕ್ ಸ್ಟೂಲನ್ನು ನೋಡುತ್ತಾರೆ. ಅದು ಬಲಬಾಯಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ.

6 ಗಂಟೆ 3 ನಿಮಿಷಕ್ಕೆ ಅವರು ಮತ್ತೆ ಮೇಜಿನ ಮುಂದಿದ್ದಾರೆ. 190ನ್ನು ಎರಡು ಬಾಗಿಲಾಗಿ ಒಡೆದು, ಮೂರು ಹೊಸ ವಾಕ್ಯ ಬರೆಯುತ್ತಾರೆ: ಎಡಕ್ಕಿದ್ದಾಗ ಹೀಗೆ, ಬಲಕ್ಕಿದ್ದಾಗ ಹೀಗೆ, ತಿರುಗುವಾಗ ಎರಡೂ ತೆರೆದಿರುತ್ತವೆ. ವಕೀಲ ಏಳು ನಿಮಿಷ ಯೋಚಿಸಿ ‘ಸಾಧ್ಯವಿಲ್ಲ’ ಎನ್ನುತ್ತಾನೆ, ಎಲ್ಲಿ ಎಂಬುದನ್ನೂ ತೋರಿಸುತ್ತಾನೆ. ನಾಲ್ಕನೇ ಹಂತ. ಹುಲಿ ಓಣಿಯಲ್ಲಿ. ಕೆಲಸಗಾರ್ತಿ ಸನ್ನೆಕೋಲಿನ ಕೋಣೆಯಲ್ಲಿ. ನಡುವೆ ಮುಚ್ಚಿದ ಬಾಗಿಲು: ಸೊನ್ನೆ.

ಹಾಳೆ ಹಿಡಿದು ಅವರು ಹುಲಿಮನೆಗೆ ಮತ್ತೆ ಬರುತ್ತಾರೆ. ಮೇಲ್ವಿಚಾರಕರು ಕೆಟ್ಟ ಮನುಷ್ಯರಲ್ಲ, ಹುಲಿಯ ಕೀವು ಅವರ ನಿದ್ದೆಯನ್ನೂ ಕೆಡಿಸಿದೆ. “ನೋಡೀಮ್ಮಾ, ಹುಲಿ ಚಿಕಿತ್ಸೆ ಕೋಣೆಗೆ ಹೋದ ಮೇಲೆ ತಾನೇ ರೆಕ್ಕೆ ತಿರುಗಿಸೋದು? ಅಲ್ಲಿ ಮಾಂಸ ಇಟ್ಟಿದ್ದೀವಿ. ಹಸಿದಿದ್ದಾಳೆ, ಕಾಲು ಬೇರೆ ಕುಂಟು. ಬಿಟ್ಟು ಯಾಕೆ ತಿರುಗಿ ಬರ್ತಾಳೆ?”

“ಬರಲ್ಲ ಅಂತ ಬರೆದುಕೊಡಿ ಸಾರ್. ಆ ಸಾಲನ್ನೂ ಸೇರಿಸ್ತೀನಿ. ಆಗ ವಕೀಲನೂ ಒಪ್ತಾನೆ. ಕೆಳಗೆ ಸಹಿ ನಿಮ್ಮದು.”

ಮೇಲ್ವಿಚಾರಕರು ಪೆನ್ನಿಗಾಗಿ ಜೇಬು ತಡವಿ, ಪೆನ್ನನ್ನು ಹೊರತೆಗೆಯದೆಯೇ ಕೈ ಕೆಳಗಿಳಿಸುತ್ತಾರೆ.

ದಾರಿ ತೋರಿಸಿದ್ದು ಬೆಸುಗೆಯವರು. ಸನ್ನೆಕೋಲಿನ ಕೋಣೆಯ ಆಚೆ ಒಂದು ಮುಂಗೋಣೆ ಇದೆ, ಅದರಾಚೆ ಅಂಗಳ. ಸನ್ನೆಕೋಲಿಗೆ ಉಕ್ಕಿನ ಹಗ್ಗ ಕಟ್ಟಿ, ಗೋಡೆಯಲ್ಲಿ ತೂತು ಕೊರೆದು ಅಂಗಳಕ್ಕೆ ತಂದರೆ? ತಂಗಿ ಅಂಗಳದಲ್ಲೇ ನಿಂತು ಎಳೆಯಬಹುದು. ಮುಂಗೋಣೆಯ ಈಚೆಯ ಬಾಗಿಲು, ಆಚೆಯ ಬಾಗಿಲು, ಎರಡೂ ಮುಚ್ಚಿರುತ್ತವೆ. “ಇಪ್ಪತ್ತೈದು ನಿಮಿಷ ಕೊಡಿ” ಎಂದ ಅವರು ಮೂವತ್ತೈದು ತೆಗೆದುಕೊಳ್ಳುತ್ತಾರೆ. ಈ ಸಲ ಬಾಗಿಲಕ್ಕ ಎರಡೂ ಬಾಗಿಲನ್ನು ತಳ್ಳಿ, ಎಳೆದು, ಚಿಲಕ ಹಾಕಿ ನೋಡುತ್ತಾರೆ. ಹಗ್ಗವನ್ನೂ ಎಳೆಯುತ್ತಾರೆ. ನೋಟ್‌ಬುಕ್ಕಿನಲ್ಲಿ 190ರ ಎದುರು ಟಿಕ್ ಬೀಳುತ್ತದೆ. ಅಂಗೈಯ ಹಸಿರು ಬಣ್ಣ ಹಾಳೆಗೆ ಅಂಟುತ್ತದೆ.

6:55ಕ್ಕೆ ಹೊಸ ಪಟ್ಟಿ ವಕೀಲನ ಮುಂದಿದೆ. ಕಾಯುವ ಈ ಹೊತ್ತು ಅವರಿಗೆ ಎಂದೂ ಒಗ್ಗಿಲ್ಲ. ಎದ್ದು ಉರುಳಿದ ಲೋಟ ಎತ್ತಿಡುತ್ತಾರೆ, ಚೆಲ್ಲಿದ ನೀರು ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಏನು ಬೇಕು ನಿಮಗೆ ಎಂದರೆ ಬಡ್ತಿಯನ್ನೋ ಬಿರುದನ್ನೋ ಹೇಳುವುದಿಲ್ಲ. “ಎರಡು ಕಡೆ ತಿರುಗೋ ಬಾಗಿಲನ್ನ ನಕ್ಷೇಲಿ ಕೆಂಪು ಶಾಯೀಲಿ ಬರೀಲಿ, ಅಷ್ಟು ಸಾಕು” ಎನ್ನುತ್ತಾರೆ. ಮೇಜು ಒರೆಸುತ್ತಲೇ, “ಮತ್ತೆ... ಒಂದು ಸಲ ದೊರೆಸಾನಿ ನಡೆಯೋದನ್ನ ನೋಡ್ಬೇಕು. ಎಂಟು ವರ್ಷ ಆಯ್ತು, ಅವಳು ನಂಗೆ ಬರೀ ಒಂದು ಚುಕ್ಕಿ” ಎನ್ನುತ್ತಾರೆ.

ವಕೀಲ ಹತ್ತು ನಿಮಿಷ ಐವತ್ತೆರಡು ಸೆಕೆಂಡು ತೆಗೆದುಕೊಳ್ಳುತ್ತಾನೆ. ‘ಸಾಧಿಸಲಾಗಿದೆ.’ ಹುಚ್ಚು ಪ್ರಶ್ನೆಗೆ, ‘ಸಾಧ್ಯವಿಲ್ಲ.’ ಬಾಗಿಲಕ್ಕ ಒಳಫೋನಿನ ಕಡೆ ಕೈ ಚಾಚಿ, ಮನಸ್ಸು ಬದಲಾಯಿಸಿ, ಅಂಗಳಕ್ಕೆ ತಾವೇ ನಡೆದು ಹೋಗಿ ತಂಗಿಯ ಮುಖ ನೋಡಿ ಹೇಳುತ್ತಾರೆ: “ಅಡುಗೆಮನೆ ಬೇರೆ, ಆನೆಲಾಯ ಬೇರೆ.”

“ಅಬ್ಬಾ, ಎರಡು ಗಂಟೆ ಕೈ ಜೇಬಲ್ಲಿತ್ತು. ಜೋಮು ಹಿಡಿದಿದೆ” ಎಂದು ತಂಗಿ ಬೆರಳು ಕೊಡವಿಕೊಂಡು ಹಗ್ಗ ಹಿಡಿಯುತ್ತಾರೆ.

ಅಂಗಳದ ಗೋಡೆಯಲ್ಲಿ ಅಂಗೈ ಅಗಲದ ಪರದೆಯಿದೆ, ಒಳಗಿನ ಕ್ಯಾಮೆರಾದ್ದು. 7:14ಕ್ಕೆ ಓಣಿಯಲ್ಲಿ ದೊರೆಸಾನಿ ಕಾಣಿಸಿಕೊಳ್ಳುತ್ತಾಳೆ. ಮೂರು ಕಾಲಿಗೆ ಭಾರ ಹಾಕಿ, ತಲೆ ತಗ್ಗಿಸಿ, ಮನೆಯ ಹಿರಿಯಳಂತೆ ನಿಧಾನವಾಗಿ ಬರುತ್ತಾಳೆ. ಎಡಬಾಯಿ ಹೊಕ್ಕು ಮಾಂಸ ಮೂಸುತ್ತಾಳೆ. ತಂಗಿ ಹಗ್ಗ ಎಳೆಯುತ್ತಾರೆ. ಕಬ್ಬಿಣದ ರೆಕ್ಕೆ ಕಿರುಗುಟ್ಟುತ್ತ ಚಲಿಸತೊಡಗುತ್ತದೆ, ಅರ್ಧ ದಾರಿಗೆ ಬರುತ್ತದೆ.

ಆ ಸದ್ದಿಗೆ ದೊರೆಸಾನಿ ತಿರುಗುತ್ತಾಳೆ.

ಕುಂಟು ಕಾಲು ನೆನಪಿಲ್ಲದವಳಂತೆ ಎರಡೇ ನೆಗೆತಕ್ಕೆ ಓಣಿ ದಾಟಿ ಬಲಬಾಯಿಯೊಳಗಿದ್ದಾಳೆ. ಪ್ಲಾಸ್ಟಿಕ್ ಸ್ಟೂಲನ್ನು ಮೂಸುತ್ತಾಳೆ. ಪಂಜದಿಂದ ಒಮ್ಮೆ ತಳ್ಳುತ್ತಾಳೆ, ಅದು ಗೋಡೆಗೆ ಬಡಿದು ಮಗುಚುತ್ತದೆ. ಮುಚ್ಚಿದ ಬಾಗಿಲಿನ ಈಚೆ ಆ ಸದ್ದು ಸಣ್ಣದಾಗಿ ಕೇಳುತ್ತದೆ. ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ದೊರೆಸಾನಿ ಸ್ಟೂಲಿನ ಮೇಲೆ ಆಸಕ್ತಿ ಕಳೆದುಕೊಂಡು ಮಾಂಸದ ವಾಸನೆ ಹಿಡಿದು ಕುಂಟುತ್ತ ವಾಪಸ್ಸು ಹೋಗುವವರೆಗೆ ಆರು ನಿಮಿಷ. ರೆಕ್ಕೆ ಎಡಕ್ಕೆ ಪೂರ್ತಿ ತಿರುಗಿ ಚಿಲಕ ಬೀಳುತ್ತದೆ. ಚಿಕಿತ್ಸೆ ಕೋಣೆಯ ಮತ್ತೊಂದು ಬದಿಯ ಕಿಂಡಿಯ ಹತ್ತಿರ ವೈದ್ಯರ ಕಾರು ಬಂದು ನಿಂತ ಸದ್ದು.

ತಂಗಿ ಹಗ್ಗ ಬಿಡುವುದಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಕೇಳುತ್ತಾರೆ: “ಅಡುಗೆಮನೆ?”

“ಬೇರೆ.”

“ಆನೆಲಾಯ?”

“ಬೇರೆ ಕಣೇ. ಕೈ ಬಿಡು, ಸಾಕು. ಅಮ್ಮ ತಿಂಡಿಗೆ ಕಾಯ್ತಿರ್ತಾಳೆ.”

ಹೊರಡುವ ಮುನ್ನ ಬಾಗಿಲಕ್ಕ ಬೆಸುಗೆಯವರಿಂದ ಅಳತೆ ಟೇಪು ಕೇಳಿ ಪಡೆಯುತ್ತಾರೆ. ಮುಂಗೋಣೆಯ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹಿಡಿದು ಎರಡು ಸಲ ಅಳೆದು, ಹಸಿರು ಬಣ್ಣ ಅಂಟಿದ ಪುಟದಲ್ಲಿ ಬರೆದುಕೊಳ್ಳುತ್ತಾರೆ: ಹುಲಿಗೂ ತಂಗಿಗೂ ನಡುವೆ ಇದ್ದದ್ದು ಮೂರು ಮೀಟರ್ ನಲವತ್ತು ಸೆಂಟಿಮೀಟರ್.